ಮುರಕಲ್ಲು, ಮರ, ಗಾಜು: ಮಂಗಳೂರಿನಲ್ಲೊಂದು ಹಗಲು

ಮಂಗಳೂರಿನ ಕಟ್ಟಡಗಳನ್ನು ನೋಡಲು ಹೊರಡುವವರಿಗೆ ಮೊದಲ ತೊಡಕು ಪಂಚಾಂಗದ್ದು. ನೆಲ್ಲಿತೀರ್ಥದ ಗುಹಾಲಯದ ಬಾಗಿಲು ತೆರೆಯುವುದು ತುಲಾ ಸಂಕ್ರಮಣಕ್ಕೆ, ಮುಚ್ಚುವುದು ಮೇಷ ಸಂಕ್ರಮಣಕ್ಕೆ. ಅಂದರೆ ಅಕ್ಟೋಬರ್ ನಡುವಿನಿಂದ ಏಪ್ರಿಲ್ ನಡುವಿನ ತನಕ. ಉಳಿದ ಆರು ತಿಂಗಳು ಒಳಗಿರುವುದು ದೇವರು, ಕಪ್ಪೆ, ಬಾವಲಿ ಮತ್ತು ನೀರು. ಗುಹೆ, ಪಳ್ಳಿ (ಮಸೀದಿ), ಹೊಸ ಪೇಟೆ ಮೂರನ್ನೂ ಒಂದೇ ದಿನದಲ್ಲಿ ಹೊಲಿಯಬೇಕೆಂದರೆ ಮಳೆಯಿಲ್ಲದ ದಿನವನ್ನೇ ಆರಿಸಬೇಕು.

ಇದರಲ್ಲೊಂದು ತಮಾಷೆಯಿದೆ. ಈ ಊರಿನ ಗೋಡೆಯ ದಪ್ಪ, ಮಾಡಿನ (ಸೂರಿನ) ಇಳಿಜಾರು, ಜಗಲಿಯ ಎತ್ತರ ಎಲ್ಲವೂ ಮಳೆಯ ಲೆಕ್ಕದಲ್ಲಿ ಹುಟ್ಟಿದವು. ವರ್ಷಕ್ಕೆ 3,500 ಮಿ.ಮೀ.ಗೂ ಮಿಕ್ಕಿ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ನೋಡಲು ಹೋಗುವವರು ಮಾತ್ರ ಆ ಮಳೆ ಊರಲ್ಲಿಲ್ಲದ ದಿನ ಹೋಗುತ್ತಾರೆ. ಹಾಗಾಗಿ ಇಡೀ ದಿನ ಒಂದೇ ಪ್ರಶ್ನೆಯನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದರೆ ಸಾಕು: ಇಲ್ಲಿ ಬಿದ್ದ ನೀರು ಎಲ್ಲಿಗೆ ಹೋಗುತ್ತದೆ? ಕಂಬದ ಕೆತ್ತನೆ, ಕಟ್ಟಿಸಿದ ರಾಜ, ಶೈಲಿಯ ಹೆಸರು ಆಮೇಲಿನ ಮಾತು.

ವಾರದ ದಿನವನ್ನೂ ನೋಡಿಕೊಳ್ಳಿ. ಶುಕ್ರವಾರ ಬೇಡ, ಜುಮಾ ನಮಾಜಿನ ಹೊತ್ತಿಗೆ ಬಂದರಿನ ಪಳ್ಳಿ ನೋಡುವವರಿಗಲ್ಲ, ಪ್ರಾರ್ಥಿಸುವವರಿಗೆ. ಸೋಮವಾರ ಪಿಲಿಕುಳ ನಿಸರ್ಗಧಾಮಕ್ಕೆ ರಜೆ. ಭಾನುವಾರ ಗುಹೆಯ ಬಾಯಲ್ಲಿ ಸಾಲು ಬೆಳೆಯುತ್ತದೆ, ಒಳಗೆ ಗಾಳಿ ಕಡಿಮೆಯಾಗುತ್ತದೆ. ಮಂಗಳವಾರದಿಂದ ಗುರುವಾರದ ಒಳಗೆ ಒಂದು ದಿನ ಸಿಕ್ಕಿದರೆ ಅದೇ ಲೇಸು.

ಬೆಳಿಗ್ಗೆ ಆರೂವರೆಗೆ ಪೇಟೆ ಬಿಡಬೇಕು. ನಂತೂರಿನಿಂದ ಮೂಡಬಿದಿರೆ ದಾರಿ ಹಿಡಿದರೆ ಕುಲಶೇಖರ, ವಾಮಂಜೂರು, ಗುರುಪುರ ಸೇತುವೆ, ಕೈಕಂಬ, ಎಡಪದವು. ಅಲ್ಲಿಂದ ಮುಖ್ಯರಸ್ತೆ ಬಿಟ್ಟು ಮುಚ್ಚೂರು ಕಡೆಗೆ. ಒಟ್ಟು ಮೂವತ್ತು ಕಿಲೋಮೀಟರಿನ ಆಸುಪಾಸು. ಬಸ್ಸಿನಲ್ಲಿ ಹೋಗುವವರು ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಮೂಡಬಿದಿರೆ ಬಸ್ಸು ಹತ್ತಿ ಎಡಪದವಿನಲ್ಲಿಳಿದು ರಿಕ್ಷಾ ಹಿಡಿಯಬಹುದು. ಆದರೆ ವಾಪಸು ಬರುವಾಗ ಆ ರಿಕ್ಷಾ ಸಿಗುವುದಿಲ್ಲ, ಕಾಯಲು ಒಪ್ಪಿಸಿಕೊಂಡೇ ಹೋಗಬೇಕು.

ದಾರಿಯುದ್ದಕ್ಕೂ ಊರಿನ ಹೆಸರುಗಳಲ್ಲಿ 'ಪದವು' ಬರುತ್ತದೆ. ತಲೆ ಚಪ್ಪಟೆಯಾದ, ಹುಲ್ಲು ಬಿಟ್ಟರೆ ಏನೂ ಬೆಳೆಯದ ಮುರಕಲ್ಲಿನ ಗುಡ್ಡ ಎಂದರ್ಥ. ಅದರ ಬುಡದಲ್ಲಿ ಬೈಲು, ಗದ್ದೆ, ತೋಡು. ಕರಾವಳಿಯ ಭೂಮಿಯನ್ನು ಅರಿಯಲು ಪದವು, ಬೈಲು ಎಂಬ ಎರಡು ಶಬ್ದ ಸಾಕು. ಬಿಸಿಲು ಮತ್ತು ಮಳೆ ಸರದಿಯ ಮೇಲೆ ಲಕ್ಷಾಂತರ ವರ್ಷ ಬಂಡೆಯ ಮೇಲೆ ಕೆಲಸ ಮಾಡಿದಾಗ ಸಿಲಿಕಾ ಕರಗಿ ಹೋಗಿ ಕಬ್ಬಿಣ, ಅಲ್ಯೂಮಿನಿಯಂಗಳ ಆಕ್ಸೈಡು ಉಳಿಯುತ್ತದೆ. ಅದೇ ಮುರಕಲ್ಲು, ಕೆಂಪುಕಲ್ಲು. 1800–01ರಲ್ಲಿ ಈ ಸೀಮೆಯಲ್ಲೆಲ್ಲ ಅಲೆದ ಈಸ್ಟ್ ಇಂಡಿಯಾ ಕಂಪೆನಿಯ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಕೇರಳದ ಅಂಗಾಡಿಪುರದಲ್ಲಿ ಇದನ್ನು ಕಂಡು, 1807ರಲ್ಲಿ ಅಚ್ಚಾದ ತನ್ನ ವರದಿಯಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್‌ನಲ್ಲಿ ಅದರ ಮೂಲಾರ್ಥ ಇಟ್ಟಿಗೆ. ನೆಲದಲ್ಲಿರುವಾಗ ಕೊಡಲಿಗೂ ಬಗ್ಗುವಷ್ಟು ಮೆತ್ತಗೆ, ಗಾಳಿ ತಾಗಿದ ಮೇಲೆ ಗಟ್ಟಿ. ಕೋರೆಯಲ್ಲಿ ಕಲ್ಲು ಕಡಿದು ಅಲ್ಲೇ ಚೌಕ ಮಾಡುವುದು ಇದರಿಂದಲೇ ಸಾಧ್ಯ.

ಮೇಲಿನ ಈ ಗಟ್ಟಿ ಚಿಪ್ಪಿನ ಕೆಳಗೆ ಇನ್ನೊಂದು ಪದರವಿದೆ: ಬಿಳಿ, ಗುಲಾಬಿ, ಹಳದಿ ಬೆರಕೆಯ ಶೇಡಿ ಮಣ್ಣು. ಒಣಗಿದ್ದಾಗ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ, ನೀರು ಕುಡಿದ ಮೇಲೆ ಗಂಜಿಯಾಗುತ್ತದೆ. ಮುರಕಲ್ಲು ತೂತು ತೂತಿನ ಕಲ್ಲು, ಅದರೊಳಗೆ ನೀರು ಇಳಿಯುತ್ತದೆ; ಶೇಡಿಗೆ ಬಂದಾಗ ತಡೆಯುತ್ತದೆ; ಅಲ್ಲಿಂದ ಅಡ್ಡಕ್ಕೆ ಹರಿದು ಗುಡ್ಡದ ಪಕ್ಕೆಯಲ್ಲಿ ಒರತೆಯಾಗಿ ಹೊರಬರುತ್ತದೆ. ಹೀಗೆ ಅಡ್ಡಕ್ಕೆ ಹರಿಯುವ ನೀರು ಶೇಡಿಯನ್ನು ಸ್ವಲ್ಪ ಸ್ವಲ್ಪವೇ ತೊಳೆದುಕೊಂಡು ಹೋದರೆ ಮೇಲಿನ ಚಿಪ್ಪು ಚಾವಣಿಯಾಗಿ ಉಳಿಯುತ್ತದೆ, ಕೆಳಗೆ ಟೊಳ್ಳಾಗುತ್ತದೆ. ಮುರಕಲ್ಲಿನ ನಾಡಿನಲ್ಲಿ ಗುಹೆ ಹುಟ್ಟುವ ಬಗೆ ಇದು. ಅಜಂತಾ, ಬಾದಾಮಿಯ ಹಾಗೆ ಉಳಿ ಸುತ್ತಿಗೆಯ ಕೆಲಸವನ್ನು ನಿರೀಕ್ಷಿಸಿ ಬಂದವರಿಗೆ ಇಲ್ಲಿ ನಿರಾಸೆ ಖಂಡಿತ.

ನೆಲ್ಲಿತೀರ್ಥದಲ್ಲಿ ಹೊರಗಿರುವುದು ಸೋಮನಾಥೇಶ್ವರನ ದೇವಸ್ಥಾನ. ಅದರ ಪಕ್ಕದಲ್ಲಿ ಗುಹೆಯ ಬಾಯಿ. ಉದ್ದ ಸುಮಾರು 200 ಮೀಟರ್ ಎನ್ನುತ್ತಾರೆ. ಕೇಳಲು ಸಣ್ಣ ದೂರ. ಆದರೆ ಅದರ ಒಂದು ಭಾಗವನ್ನು ಮಂಡಿಯೂರಿ, ತಲೆ ತಗ್ಗಿಸಿ, ಅಂಬೆಗಾಲಿಟ್ಟು ದಾಟಬೇಕು. ಆಮೇಲೆ ಎದ್ದು ನಿಲ್ಲುವಷ್ಟು ಜಾಗ, ಕೊನೆಯಲ್ಲಿ ಕೊಳ, ಲಿಂಗ. ಮೇಲಿಂದ ತೊಟ್ಟಿಕ್ಕುವ ನೀರು ನೆಲ್ಲಿಕಾಯಿ ಗಾತ್ರದ ಹನಿಯಾಗಿ ಬೀಳುವುದರಿಂದ ಈ ಹೆಸರು ಬಂತೆಂದು ಪ್ರತೀತಿ. ಜಾಬಾಲಿ ಮಹರ್ಷಿ ಇಲ್ಲಿ ತಪಸ್ಸು ಮಾಡಿದರೆಂದೂ, ಅರುಣಾಸುರನ ವಧೆಗೆ ಮುನ್ನ ದೇವಿ ಅವರಿಗೆ ದರ್ಶನ ಕೊಟ್ಟಳೆಂದೂ ಐತಿಹ್ಯ. ಕಥೆಯ ಮುಂದಿನ ಭಾಗ ಹತ್ತಿರದ ಕಟೀಲಿನದು.

ಒಳಗೆ ಹೋಗುವ ಕ್ರಮಕ್ಕೊಂದು ಅರ್ಥವಿದೆ. ಮೊದಲು ಕೆರೆಯಲ್ಲಿ ಮುಳುಗಿ ಒದ್ದೆ ಬಟ್ಟೆಯಲ್ಲೇ ಹೋಗುವುದು. ಮಡಿಯ ಮಾತು ಒಂದು ಕಡೆಗಿರಲಿ, ಅಂಟು ಜೇಡಿಯಲ್ಲಿ ತೆವಳುವವರಿಗೆ ಒದ್ದೆ ಪಂಚೆಯೇ ಅನುಕೂಲ. ಒಣಗಿದ ಜೀನ್ಸ್ ಮೊಣಕಾಲಿನಲ್ಲಿ ನೀರು ಹೀರಿ ಎರಡು ಸೇರು ಭಾರವಾಗುತ್ತದೆ, ಬಗ್ಗಲು ಬಿಡುವುದಿಲ್ಲ. ಹೆಂಗಸರಿಗೆ ಸೀರೆಗಿಂತ ಚೂಡಿದಾರ್ ವಾಸಿ, ಶಾಲನ್ನು ಸೊಂಟಕ್ಕೆ ಬಿಗಿಯಬೇಕು. ಉಂಗುರ, ಕೈಗಡಿಯಾರ, ಕನ್ನಡಕ ಹೊರಗೇ ಇರಲಿ. ಕನ್ನಡಕವಿಲ್ಲದೆ ಆಗದವರು ದಾರ ಕಟ್ಟಿಕೊಳ್ಳಿ, ಒಳಗಿನ ಆವಿಗೆ ಅದು ಹೇಗೂ ಮಸುಕಾಗುತ್ತದೆ. ಜೊತೆಗಿರಬೇಕಾದದ್ದು ಇನ್ನೊಂದು ಜೊತೆ ಬಟ್ಟೆ, ಒಂದು ಬೈರಾಸು (ಟವೆಲ್), ಕೆಸರಿನ ಬಟ್ಟೆ ತುಂಬಲು ಗಟ್ಟಿ ಪ್ಲಾಸ್ಟಿಕ್ ಚೀಲ. ಚಪ್ಪಲಿ ಇಲ್ಲ, ಬರಿಗಾಲು. ಜೇಡಿಯ ಮೇಲೆ ಹಿಮ್ಮಡಿ ಊರಿದರೆ ಜಾರುತ್ತದೆ, ಕಾಲ್ಬೆರಳನ್ನು ಒತ್ತಿ ನಡೆಯಬೇಕು.

ತಪ್ಪಾಗುವುದು ಸಾಮಾನ್ಯವಾಗಿ ಎರಡು ಕಡೆ. ಒಂದು, ತಗ್ಗಾದ ಭಾಗ ಮುಗಿಯಿತೆಂದು ಬೇಗ ತಲೆಯೆತ್ತುವುದು. ಮುರಕಲ್ಲಿನ ಚಾವಣಿ ನುಣುಪಲ್ಲ, ಅದರ ತೂತುಗಳ ಅಂಚು ಹರಿತ, ನೆತ್ತಿ ತರಚಿಕೊಳ್ಳುತ್ತದೆ. ಒಂದು ಕೈಯನ್ನು ನೆತ್ತಿಯ ಮೇಲಿಟ್ಟುಕೊಂಡು ಏಳುವುದು ಸುರಕ್ಷಿತ. ಎರಡನೆಯದು ಅವಸರ. ಒಳಗೆ ಗಾಳಿಯ ಓಡಾಟ ಕಡಿಮೆ, ಎಣ್ಣೆಯ ದೀಪ ಬೇರೆ. ಹೆಚ್ಚು ಜನ ಒಟ್ಟಿಗೆ ನುಗ್ಗಿದರೆ ಉಸಿರು ಭಾರವಾಗಿ, ತಗ್ಗಿನ ಜಾಗದಲ್ಲಿ ಎದುರುಬದುರಾಗಿ ಸಿಕ್ಕಿಕೊಂಡರೆ ಹೆದರಿಕೆ ಹುಟ್ಟುತ್ತದೆ. ಒಳಗಿರುವ ಗುಂಪು ಹೊರಬಂದ ಮೇಲೆಯೇ ಇಳಿಯಬೇಕು. ಅಸ್ತಮಾ ಇರುವವರು, ಮಂಡಿನೋವಿನವರು, ಮುಚ್ಚಿದ ಜಾಗಕ್ಕೆ ಅಂಜುವವರು ಹೊರಗಿನ ದೇವಸ್ಥಾನದಲ್ಲಿ ಕೈಮುಗಿದು ಕೂತರೆ ಪುಣ್ಯ ಕಡಿಮೆಯಾಗುವುದಿಲ್ಲ.

ಒಳಗಿನ ಮಣ್ಣನ್ನೇ ಪ್ರಸಾದವಾಗಿ ಹಣೆಗೆ ಹಚ್ಚಿಕೊಳ್ಳುತ್ತಾರೆ. ಆ ಮಣ್ಣನ್ನು ಬೆರಳಲ್ಲಿ ಉಜ್ಜಿ ನೋಡಿ. ಮರಳಿನ ಒರಟು ಇಲ್ಲ, ಬೆಣ್ಣೆಯ ನುಣುಪು. ಈ ನುಣುಪನ್ನು ನೆನಪಿಟ್ಟುಕೊಳ್ಳಿ, ಸಂಜೆ ಪೇಟೆಯಲ್ಲಿ ಇದೇ ಮಣ್ಣು ಇನ್ನೊಮ್ಮೆ ಸಿಗುತ್ತದೆ, ಪ್ರಸಾದವಾಗಿ ಅಲ್ಲ.

ಇಲ್ಲೊಂದು ಅಡ್ಡಮಾತು. ನೀರು ತಾನಾಗಿ ಕೊರೆದದ್ದು ಗುಹೆಯಾದರೆ, ನೀರಿಗಾಗಿ ಮನುಷ್ಯ ಕೊರೆದದ್ದು ಸುರಂಗ. ಕಾಸರಗೋಡಿನಿಂದ ಬಂಟ್ವಾಳ, ಪುತ್ತೂರಿನ ತನಕ ಗುಡ್ಡದ ಪಕ್ಕೆಗೆ ಒಬ್ಬ ಮನುಷ್ಯ ಹಿಡಿಸುವಷ್ಟೇ ಅಗಲದ ಅಡ್ಡ ಬಾವಿ ಕೊರೆದು, ಆ ಒರತೆಯನ್ನು ತೋಟಕ್ಕೆ ಬಿಟ್ಟುಕೊಂಡವರ ಸಂಖ್ಯೆ ದೊಡ್ಡದು. ಬಂಟ್ವಾಳ ತಾಲೂಕಿನ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಹೀಗೆ ಕೊರೆದು ಬೋಳು ಗುಡ್ಡದಲ್ಲಿ ಅಡಿಕೆ ಬೆಳೆಸಿದರು, 2022ರಲ್ಲಿ ಪದ್ಮಶ್ರೀ ಬಂತು. ಅವರದನ್ನು ವಾಸ್ತುಶಿಲ್ಪ ಎಂದು ಯಾರೂ ಕರೆಯುವುದಿಲ್ಲ. ಕರೆಯಬಹುದಿತ್ತು.

ಒಂಬತ್ತೂವರೆಗೆ ಗುಹೆಯ ಕೆಲಸ ಮುಗಿಸಿ, ಬಟ್ಟೆ ಬದಲಿಸಿ, ಕೈಕಂಬದಲ್ಲಿ ಬನ್ಸೋ ನೀರುದೋಸೆಯೋ ತಿಂದು ಹೊರಟರೆ ವಾಮಂಜೂರಿನಲ್ಲಿ ಒಂದು ತೀರ್ಮಾನ ಮಾಡಬೇಕು. ಪಿಲಿಕುಳ ಇಲ್ಲಿಂದ ಹತ್ತಿರ. ಪೂರ್ತಿ ನೋಡಲು ಒಂದು ದಿನ ಬೇಕು, ಆದ್ದರಿಂದ ಎರಡನ್ನೇ ನೋಡಿ: ಗುತ್ತಿನ ಮನೆ (ತುಳುನಾಡಿನ ಯಜಮಾನಿಕೆಯ ಮನೆತನಗಳ ಹಳೆಯ ಬಗೆಯ ಮನೆ) ಮತ್ತು ಸ್ವಾಮಿ ವಿವೇಕಾನಂದ ತಾರಾಲಯ. 2018ರಲ್ಲಿ ಬಾಗಿಲು ತೆರೆದ ತಾರಾಲಯದ ಒಳಗಿನ ಗೋಲ 18 ಮೀಟರ್ ಅಡ್ಡಳತೆಯದು. ಗೋಲವನ್ನು ನೆಲಕ್ಕೆ ಸಮನಾಗಿಡದೆ 15 ಡಿಗ್ರಿ ವಾಲಿಸಿದ್ದಾರೆ. ಸಮನಾಗಿದ್ದರೆ ನೋಡುಗ ಕುತ್ತಿಗೆ ಹಿಂದಕ್ಕೆ ಬಾಗಿಸಿ ನೆತ್ತಿಯನ್ನೇ ನೋಡಬೇಕು; ವಾಲಿಸಿದರೆ ಆಕಾಶ ಎದುರಿಗೆ ಬರುತ್ತದೆ. ಪ್ರದರ್ಶನದ ಹೊತ್ತು ಹೊಂದದಿದ್ದರೆ ಕಾಯಬೇಡಿ, ಹೊರಗಿನಿಂದ ನೋಡಿ ಹೊರಡಿ.

ಗುತ್ತಿನ ಮನೆಯಲ್ಲಿ ತಲೆಯೆತ್ತಿ ಮಾಡಿನ ಒಳಮೈ ನೋಡಬೇಕು. ತೊಲೆ, ಅದರ ಮೇಲೆ ಇಳಿಜಾರಾಗಿ ಪಕ್ಕಾಸು, ಪಕ್ಕಾಸಿಗೆ ಅಡ್ಡವಾಗಿ ರೀಪು, ರೀಪಿಗೆ ಸಿಕ್ಕಿಕೊಂಡು ಕೂತ ಹಂಚು. ಮೊಳೆಯಿಲ್ಲ. ಹಂಚಿನ ಹಿಂಬದಿಯ ಗೂಟ ರೀಪಿಗೆ ತಗಲುತ್ತದೆ, ಬದಿಯ ಗಾಡಿ (ಉದ್ದನೆಯ ತಗ್ಗು) ಪಕ್ಕದ ಹಂಚಿನ ಏಣಿಗೆ (ಉಬ್ಬಿದ ಅಂಚಿಗೆ) ಕೂರುತ್ತದೆ. ಇಂತಹ ಹಂಚನ್ನು ಇಲ್ಲಿ ತಯಾರಿಸಲು ಕ್ರೈಸ್ತ ಮಿಶನರಿ ಸಂಸ್ಥೆ ಬಾಸೆಲ್ ಮಿಶನ್ 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆಯಿತು, ಜರ್ಮನಿಯಿಂದ ಬಂದ ಪ್ಲೆಬ್ಸ್ಟ್ ಅದರ ಹಿಂದಿದ್ದವರು. ನೇತ್ರಾವತಿ, ಗುರುಪುರ ನದಿಗಳ ದಂಡೆಯ ಜೇಡಿ, ಘಟ್ಟದ ಸೌದೆ, ಪಕ್ಕದಲ್ಲೇ ಬಂದರು. ಹಂಚಿಗೆ ಊರಿನ ಹೆಸರು ಬಿದ್ದದ್ದು ಹೀಗೆ. ಒಂದು ಚದರ ಮೀಟರಿಗೆ ಹದಿನೈದು ಹಂಚಿನ ಲೆಕ್ಕ. ಇಳಿಜಾರು ಕಡಿಮೆಯಿಟ್ಟು ಮರ ಉಳಿಸಹೋದವರ ಮನೆಯಲ್ಲಿ ಆಷಾಢದ ಗಾಳಿ ನೀರನ್ನು ಹಂಚಿನ ಸಂದಿನಲ್ಲಿ ಮೇಲಕ್ಕೆ ತಳ್ಳುತ್ತದೆ, ಹಂಚು ಒಡೆಯದೆಯೇ ಮಾಡು ಸೋರುತ್ತದೆ. ಹಂಚು ಬದಲಿಸಿ ಪ್ರಯೋಜನವಿಲ್ಲ, ತಪ್ಪು ಕೋನದ್ದು.

ಕದ್ರಿಗೆ ಹನ್ನೊಂದೂವರೆಗೆ ಮುಟ್ಟಬೇಕು; ಮಧ್ಯಾಹ್ನದ ಮಹಾಪೂಜೆಯ ಬಳಿಕ ಗರ್ಭಗುಡಿ ಮುಚ್ಚಿದರೆ ಮತ್ತೆ ಸಂಜೆಯೇ. ಹೆಚ್ಚಿನವರು ಮಂಜುನಾಥನ ದರ್ಶನ ಮಾಡಿ ಹೊರಡುತ್ತಾರೆ, ನೋಡಬೇಕಾದ ಲೋಕೇಶ್ವರನನ್ನು ಬಿಟ್ಟು. ಮೂರು ಮುಖ, ಆರು ಕೈಗಳ, ಸುಮಾರು ಐದಡಿ ಎತ್ತರದ ಕಂಚಿನ ಕೂತ ಮೂರ್ತಿ. ಪೀಠದ ಮೇಲೆ ಸಂಸ್ಕೃತ ಶಾಸನವಿದೆ: ಆಳುಪ ದೊರೆ ಕುಂದವರ್ಮ ಕದರಿಕಾ ವಿಹಾರದಲ್ಲಿ ಲೋಕೇಶ್ವರನನ್ನು ಪ್ರತಿಷ್ಠಾಪಿಸಿದ ಎಂದು, ಕ್ರಿ.ಶ. 968ಕ್ಕೆ ಸರಿಹೊಂದುವ ಕಾಲಸೂಚನೆಯೊಡನೆ. ವಿಹಾರ ಎಂಬ ಮಾತು ಬೌದ್ಧರದು, ಕುಂದವರ್ಮ ಶಿವಭಕ್ತ, ಆಮೇಲೆ ಬಂದವರು ನಾಥಪಂಥದ ಜೋಗಿಗಳು; ಜೋಗಿ ಮಠ ಈಗಲೂ ಗುಡ್ಡದ ಮೇಲಿದೆ. ಒಂದೇ ಸ್ಥಳ ಮೂರು ಕೈ ದಾಟಿದೆ. ಮೂರೂ ಪಂಥಗಳವರು ಇಲ್ಲೇ ಯಾಕೆ ನಿಂತರು ಎಂಬುದಕ್ಕೆ ಪಂಡಿತರ ಉತ್ತರಗಳಿವೆ. ದೇವಸ್ಥಾನದ ಹಿಂದೆ ಮೆಟ್ಟಿಲು ಹತ್ತಿ ಗೋಮುಖದ ಮುಂದೆ ನಿಂತರೆ ಸರಳ ಉತ್ತರವೂ ಸಿಗುತ್ತದೆ. ಏಪ್ರಿಲಿನಲ್ಲೂ ಅಲ್ಲಿ ನೀರಿರುತ್ತದೆ. ಪದವಿನ ಮೇಲೆ ಬಿದ್ದ ಮಳೆ ಮುರಕಲ್ಲಿನೊಳಗೆ ಇಳಿದು, ಶೇಡಿಯ ಮೇಲೆ ಹರಿದು, ಗುಡ್ಡದ ಪಕ್ಕೆಯಲ್ಲಿ ಹೊರಬೀಳುವ ಆ ಗೆರೆಯ ಮೇಲೆಯೇ ಗೋಮುಖವಿದೆ, ಅದರ ಕೆಳಗೆ ಕೆರೆಗಳು. ಕಾಶಿಯಿಂದ ಭಾಗೀರಥಿ ಬಂದಳೆನ್ನುವ ನಂಬಿಕೆಗೂ ಈ ಲೆಕ್ಕಕ್ಕೂ ಜಗಳವೇನಿಲ್ಲ.

ಇನ್ನೂ ಮೇಲೆ ಹತ್ತಿದರೆ ಪಾಂಡವರ ಗುಹೆಗಳು. ನೆಲ್ಲಿತೀರ್ಥದಿಂದ ನೇರ ಇಲ್ಲಿಗೆ ಬಂದವರ ಕಣ್ಣಿಗೆ ವ್ಯತ್ಯಾಸ ತಟ್ಟನೆ ಬೀಳುತ್ತದೆ. ಅಲ್ಲಿ ನೇರವಾದ ಗೆರೆ ಒಂದೂ ಇರಲಿಲ್ಲ. ಇಲ್ಲಿ ಬಾಯಿ ಚೌಕ, ಗೋಡೆ ನೆಟ್ಟಗೆ, ಮನುಷ್ಯ ಕಡಿದದ್ದು. ಪಾಂಡವರ ಹೆಸರು ದೇಶದ ಪ್ರತಿ ಗುಡ್ಡಕ್ಕೂ ಅಂಟಿಕೊಂಡಿರುವುದರಿಂದ ಅದನ್ನು ವಿಳಾಸವೆಂದು ತಿಳಿದರೆ ಸಾಕು. ತಪಸ್ವಿಗಳು ಕೂರಲು ಕಡಿದ ಕೋಣೆಗಳೆಂದು ನೋಡಿದರೆ ಅಳತೆ ಅರ್ಥವಾಗುತ್ತದೆ: ಕೂರಲು ಸರಿ, ನಿಲ್ಲಲು ಕಷ್ಟ.

ಇಳಿಯುವಾಗ ಗರ್ಭಗುಡಿಯ ಮಾಡನ್ನು ಗಮನಿಸಿ. ಚೌಕ ಗುಡಿ, ಎತ್ತರದಲ್ಲಿ ಶಿಖರವಿಲ್ಲ, ಇಳಿಜಾರು ಮಾಡಿಗೆ ತಾಮ್ರದ ಹೊದಿಕೆ. ಘಟ್ಟದ ಮೇಲಿನ ಕಲ್ಲಿನ ಶಿಖರಗಳನ್ನು ನೋಡಿ ಬೆಳೆದವರಿಗೆ ಇದು ಮನೆಯಂತೆ ಕಾಣುತ್ತದೆ. ದೇವರ ಮನೆಗೂ ಮನುಷ್ಯರ ಮನೆಗೂ ಇಲ್ಲಿ ಒಂದೇ ಮಾಡು, ಯಾಕೆಂದರೆ ಇಬ್ಬರಿಗೂ ಒಂದೇ ಮಳೆ. ಊಟದ ಹೊತ್ತಾಗಿದ್ದರೆ ಅನ್ನಪ್ರಸಾದಕ್ಕೆ ಕೂತುಬಿಡಿ.

ದಾರಿಯಲ್ಲಿ ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲ್ ಬರುತ್ತದೆ. ಇಟಲಿಯ ಆಂಟೊನಿಯೊ ಮೊಸ್ಕೆನಿ 1899ರಿಂದ 1901ರ ತನಕ ಗೋಡೆ, ಚಾವಣಿಗಳನ್ನೆಲ್ಲ ಚಿತ್ರಿಸಿದ. ಹಸಿ ಗಾರೆಯ ಮೇಲೆ ಬಣ್ಣ ಹಚ್ಚುವ ಇಟಲಿಯ ಕ್ರಮ, ಕರಾವಳಿಯ ತೇವ. ಇವೆರಡಕ್ಕೆ ಹೇಗೆ ಸರಿಹೋದೀತು? ಚಿತ್ರಗಳಿಗೆ ಮತ್ತೆ ಮತ್ತೆ ಆರೈಕೆ ಬೇಕಾಗಿದೆ. ಅರ್ಧ ಗಂಟೆ ಸಾಕು. ಇವತ್ತಿನ ದಾರಿ ಬೇರೆ.

ಬಂದರಿನ ಪಳ್ಳಿಗೆ ಎರಡೂಕಾಲರ ಹೊತ್ತಿಗೆ ಹೋಗುವುದು ಒಳ್ಳೆಯದು. ಮಧ್ಯಾಹ್ನದ ಲುಹರ್ ನಮಾಜು ಮುಗಿದಿರುತ್ತದೆ, ಇಳಿಹೊತ್ತಿನ ಅಸರ್‌ಗೆ ಇನ್ನೂ ಸಮಯವಿರುತ್ತದೆ. ಕಾರು ತರಬೇಡಿ. ಹಳೆ ಬಂದರಿನ ಓಣಿಗಳಲ್ಲಿ ಅಕ್ಕಿ, ಮೆಣಸು, ಈರುಳ್ಳಿ ಇಳಿಸುವ ಲಾರಿಗಳೇ ತುಂಬಿರುತ್ತವೆ, ಲಕ್ಷದ್ವೀಪಕ್ಕೆ ಹೋಗುವ ಸಾಮಾನು ಇಲ್ಲಿಂದಲೇ ಹತ್ತುವುದು. ಸ್ಟೇಟ್ ಬ್ಯಾಂಕಿನಲ್ಲಿಳಿದು ನಡೆದರೆ ಸಗಟು ಮಂಡಿಗಳ ಮಾಳಿಗೆ, ಮರದ ಕಟಾಂಜನ, ಹಂಚಿನ ಮಾಡುಗಳ ಸಾಲು ನೋಡಲು ಸಿಗುತ್ತದೆ. ಅರ್ಧದಷ್ಟು ಉಳಿದಿವೆ. ಪಣಂಬೂರಿನಲ್ಲಿ ಎಪ್ಪತ್ತರ ದಶಕದಲ್ಲಿ ಹೊಸ ಬಂದರು ಬಂದ ಮೇಲೆ ದೊಡ್ಡ ಹಡಗುಗಳು ಅತ್ತ ಹೋದವು. ಇಲ್ಲಿಯ ಹಳೆಯ ಕಟ್ಟಡಗಳು ಉಳಿಯಲು ಅದೂ ಒಂದು ಕಾರಣವಿದ್ದೀತು.

ಝೀನತ್ ಬಕ್ಷ್ ಜುಮಾ ಮಸೀದಿ ಅರಬ್ ವರ್ತಕರ ಕಾಲದ್ದು, ಇಸ್ಲಾಂ ಪ್ರಚಾರಕ್ಕೆ ಬಂದ ಮಾಲಿಕ್ ದೀನಾರ್ ಬಳಗದವರು ಹಿಜರಿ 22ರಲ್ಲಿ, ಅಂದರೆ ಕ್ರಿ.ಶ. 7ನೇ ಶತಮಾನದಲ್ಲಿ ಕಟ್ಟಿದರು ಎಂಬುದು ಪಳ್ಳಿಯ ಪರಂಪರೆ. ಟಿಪ್ಪು ಸುಲ್ತಾನ್ ಅದನ್ನು ಜೀರ್ಣೋದ್ಧಾರ ಮಾಡಿಸಿ ಮಗಳ ಹೆಸರಿಟ್ಟನೆನ್ನುತ್ತಾರೆ. ಮರ ಸಾವಿರದ ಮುನ್ನೂರು ವರ್ಷ ಈ ಗಾಳಿಯಲ್ಲಿ ಬಾಳುವುದಿಲ್ಲ, ಆದ್ದರಿಂದ ಈಗ ಕಣ್ಣಿಗೆ ಬೀಳುವ ಮರ ಮೊದಲ ಮರವಲ್ಲ. ಪಾಯ, ಸ್ಥಳ, ಕಟ್ಟುವ ಕ್ರಮ ಹಳೆಯದು. ಮೈ ಹೊಸದಾಗುತ್ತ ಬಂದಿದೆ. ಮರದ ಕಟ್ಟಡದ ವಯಸ್ಸನ್ನು ಹೀಗಲ್ಲದೆ ಬೇರೆ ರೀತಿ ಎಣಿಸುವುದು ಹೇಗೆ?

ಹೊರಭಾಗ ಕಾಲಕಾಲಕ್ಕೆ ಬೆಳೆದಿದೆ, ಅದನ್ನು ದಾಟಿ ಒಳಗೆ ಹೋಗಬೇಕು. ತೇಗದ ಹದಿನಾರು ಕಂಬಗಳ ಮೇಲೆ ನಿಂತ ಒಳಕೋಣೆಯೇ ಇಲ್ಲಿಯ ಜೀವ. ಕಂಬ, ತೊಲೆ, ಚಾವಣಿಯ ಹಲಗೆಗಳಲ್ಲಿ ಹೂಬಳ್ಳಿಗಳ ಕೆತ್ತನೆ. ಮನುಷ್ಯ, ಪ್ರಾಣಿಗಳ ರೂಪ ಹುಡುಕಬೇಡಿ, ಸಿಗುವುದಿಲ್ಲ. ಬೆಳಗ್ಗೆ ಗುತ್ತಿನ ಮನೆಯ ಚಾವಡಿಯಲ್ಲಿ ಕಂಬದ ಬುಡ, ಬೋದಿಗೆ (ಕಂಬದ ತಲೆ) ನೋಡಿ ಬಂದವರು ಇಲ್ಲಿ ಒಂದು ಗಳಿಗೆ ನಿಂತುಬಿಡುತ್ತಾರೆ. ಅದೇ ಆಚಾರಿಯ ಕೈ, ಅದೇ ಕೂಡಿಕೆ. ಬಸದಿಗೂ ದೇವಸ್ಥಾನಕ್ಕೂ ಪಳ್ಳಿಗೂ ಮರ ಕೆತ್ತಿದವರು ಒಂದೇ ವೃತ್ತಿಯವರು. ದಿಲ್ಲಿ, ಬಿಜಾಪುರಗಳ ಗುಮ್ಮಟ ಕರಾವಳಿಯ ಹಳೆಯ ಪಳ್ಳಿಗಳಲ್ಲಿ ಇಲ್ಲದ್ದು ಬಡತನದಿಂದಲ್ಲ. ಸುಣ್ಣದ ಗಾರೆಯ ಗುಮ್ಮಟ ನಾಲ್ಕು ತಿಂಗಳ ಜಡಿಮಳೆಯಲ್ಲಿ ಪಾಚಿ ಹಿಡಿದು, ಬಿರುಕು ಬಿಟ್ಟು, ಸೋರಲು ತೊಡಗುತ್ತದೆ. ಇಳಿಜಾರು ಮಾಡು ಒಣಗಿರುತ್ತದೆ. ಊರೂರಲ್ಲಿ ಈಗ ಕಾಂಕ್ರೀಟಿನ ಗುಮ್ಮಟ, ಮಿನಾರು ಬರುತ್ತಿವೆ. ಪಳ್ಳಿ ಪಳ್ಳಿಯಂತೆ ಕಾಣಬೇಕೆಂಬ ಆಸೆ. ಕರಾವಳಿಯಲ್ಲಿ ಪಳ್ಳಿ ಕಾಣುತ್ತಿದ್ದದ್ದು ಹೀಗಲ್ಲ ಎನ್ನುವುದಕ್ಕೆ ಸಾಕ್ಷಿ ಈ ಒಳಕೋಣೆ.

ದಿಕ್ಕಿನದೊಂದು ಸಣ್ಣ ಲೆಕ್ಕ. ದೇವಸ್ಥಾನ ಸಾಮಾನ್ಯವಾಗಿ ಮೂಡಣಕ್ಕೆ ಮುಖ ಮಾಡುತ್ತದೆ. ಮಂಗಳೂರಿನಿಂದ ಮಕ್ಕಾದ ದಿಕ್ಕು ನೇರ ಪಡುವಣವಲ್ಲ, ಪಡುವಣಕ್ಕಿಂತ ಸುಮಾರು 19 ಡಿಗ್ರಿ ಬಡಗಕ್ಕೆ ವಾಲುತ್ತದೆ. ಹೊಸ ಪಳ್ಳಿಗಳು ರಸ್ತೆಗೆ ಓರೆಯಾಗಿ ಕೂತಂತೆ ಕಾಣುವುದಕ್ಕೆ, ಅಥವಾ ಕಟ್ಟಡ ರಸ್ತೆಗೆ ನೇರವಿದ್ದು ಒಳಗೆ ಸಫ್ಫಿನ (ನಮಾಜಿಗೆ ನಿಲ್ಲುವ ಸಾಲಿನ) ಗೆರೆಗಳು ಓರೆಯಾಗಿರುವುದಕ್ಕೆ ಇದೇ ಕಾರಣ. ಮೊಬೈಲಿನ ದಿಕ್ಸೂಚಿಯಲ್ಲಿ ನೋಡುವವರು ಅಂಗಳದಲ್ಲಿ ನಿಂತು ನೋಡಿ, ಸರಳು ತುಂಬಿದ ಕಾಂಕ್ರೀಟಿನ ಹತ್ತಿರ ಅದು ದಾರಿ ತಪ್ಪುತ್ತದೆ.

ಒಳಗೆ ಹೋಗುವ ಮುನ್ನ ಕಚೇರಿಯಲ್ಲೋ ಪಳ್ಳಿಯ ಕೆಲಸ ನೋಡಿಕೊಳ್ಳುವ ಮುಕ್ರಿಯವರಲ್ಲೋ ಕೇಳಬೇಕು. ಕೇಳಿದವರಿಗೆ ತೋರಿಸುತ್ತಾರೆ, ನುಗ್ಗಿದವರನ್ನು ತಡೆಯುತ್ತಾರೆ. ಮೊಣಕಾಲು ಮುಚ್ಚುವ ಬಟ್ಟೆ, ತಲೆಗೊಂದು ವಸ್ತ್ರ, ಬೆಳಗಿನ ಕೆಸರು ಉಗುರಲ್ಲಿ ಉಳಿಯದ ಕಾಲು. ಹೆಂಗಸರಿಗೆ ಒಳಕೋಣೆಗೆ ಅವಕಾಶ ಇದೆಯೇ ಎಂಬುದನ್ನು ಮೊದಲೇ ವಿಚಾರಿಸಿ. ನಮಾಜು ಮಾಡುತ್ತಿರುವವರ ಮುಂದಿನಿಂದ ಹಾಯಬಾರದು, ಅವರ ಫೋಟೋ ತೆಗೆಯಬಾರದು. ಮರದ ಕೆತ್ತನೆ ಮುಟ್ಟಿ ನೋಡುವ ಚಪಲವನ್ನೂ ತಡೆದುಕೊಳ್ಳಿ, ಬೆವರಿನ ಉಪ್ಪು ತೇಗಕ್ಕೆ ಒಳ್ಳೆಯದಲ್ಲ.

ಬೋಳೂರಿನ ಸುಲ್ತಾನ್ ಬತ್ತೇರಿ ಇಲ್ಲಿಂದ ದೂರವಲ್ಲ. ಟಿಪ್ಪು 1784ರಲ್ಲಿ ಕಟ್ಟಿಸಿದ ಕರಿಕಲ್ಲಿನ ಕಾವಲು ಗೋಪುರ, ಕೆಳಗೆ ಮದ್ದಿನ ಕೋಣೆ. ಮುರಕಲ್ಲಿನ ಊರಲ್ಲಿ ಕರಿಕಲ್ಲು ಏಕೆಂದರೆ ಮದ್ದು ಒಣಗಿರಬೇಕು, ಮುರಕಲ್ಲು ನೀರು ಹೀರುತ್ತದೆ. ಇದು ನನ್ನ ಊಹೆ, ಆದರೆ ಎರಡೂ ಕಲ್ಲಿನ ಮೇಲೆ ಅಂಗೈಯಿಟ್ಟು ನೋಡಿದವರು ಒಪ್ಪಿಯಾರು.

ಕುದ್ರೋಳಿ ಗೋಕರ್ಣನಾಥ ಕ್ಷೇತ್ರವನ್ನು ಹಳೆಯದರ ಪಟ್ಟಿಗೆ ಸೇರಿಸುವುದೋ ಹೊಸದಕ್ಕೋ? ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದಾಗ ಗುಡಿ ಕೇರಳದ ರೀತಿಯದು. 1991ರ ನವೀಕರಣದಲ್ಲಿ ಚೋಳ ಶೈಲಿಯ ಗೋಪುರ ಬಂತು. ಯಾರನ್ನು ದೇವಸ್ಥಾನದ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲವೋ ಆ ಬಿಲ್ಲವ ಜನ ತಮ್ಮದೇ ದೇವಸ್ಥಾನವನ್ನು ದೂರದಿಂದ ಕಾಣುವಷ್ಟು ಎತ್ತರಕ್ಕೆ ಕಟ್ಟಿಕೊಂಡರೆ, ಅದರ ಶೈಲಿ ಪರ ಊರಿನದೆಂದು ಮೂಗು ಮುರಿಯುವುದು ಸುಲಭವಲ್ಲ. ಬಣ್ಣವನ್ನು ಮಾತ್ರ ಪದೇ ಪದೇ ಬಳಿಯಬೇಕಾಗುತ್ತದೆ. ಮೂರ್ತಿಗಳ ಮಡಿಕೆಗಳಲ್ಲಿ ನೀರು ನಿಲ್ಲುತ್ತದೆ.

ನಾಲ್ಕೂವರೆಯಿಂದ ಕತ್ತಲಾಗುವ ತನಕ ಹೊಸ ಪೇಟೆಗೆ. ಬಲ್ಮಠ, ಬೆಂದೂರುವೆಲ್, ಕದ್ರಿ, ಬಿಜೈ ಸುತ್ತ ನಡೆದರೆ ಸಾಕು, ಮೂವತ್ತು, ನಲವತ್ತು ಮಹಡಿಯ ತನಕ ಎಲ್ಲ ಬಗೆಯವೂ ಸಿಗುತ್ತವೆ. ಕಟ್ಟಡದ ಬುಡದಿಂದ ತಲೆಯೆತ್ತಿ ನೋಡಿದರೆ ಏನೂ ತಿಳಿಯದು. ರಸ್ತೆಯ ಆಚೆ ಬದಿಗೆ ಹೋಗಿ ನೈಋತ್ಯಕ್ಕಿರುವ ಗೋಡೆಯನ್ನು ನೋಡಿ. ಮುಂಗಾರಿನ ಗಾಳಿ ಬರುವುದು ಆ ಕಡೆಯಿಂದ. ಕಿಟಕಿಯ ಕೆಳಮೂಲೆಗಳಿಂದ ಮೀಸೆಯಂತೆ ಇಳಿದ ಕಪ್ಪು ಗೆರೆ, ಸಜ್ಜೆಯ ಅಡಿಯಲ್ಲಿ ಪಾಚಿ. ಸಜ್ಜೆಯ ಅಡಿಮೈಯಲ್ಲಿ, ಅಂಚಿನಿಂದ ಎರಡು ಬೆರಳು ಒಳಗೆ, ಬೆರಳಗಲದ ಗಾಡಿಯೊಂದನ್ನು (ಉದ್ದನೆಯ ತಗ್ಗನ್ನು) ಬಿಟ್ಟಿದ್ದರೆ ನೀರು ಅಲ್ಲೇ ಹನಿಯಾಗಿ ಬೀಳುತ್ತಿತ್ತು. ಗಾಡಿಯಿಲ್ಲದಿದ್ದರೆ ನೀರು ಅಡಿಮೈಗೆ ಅಂಟಿಕೊಂಡು ಹಿಂದಕ್ಕೆ ಹರಿದು ಗೋಡೆ ಸೇರುತ್ತದೆ. ಗಾರೆ ಹಸಿಯಿರುವಾಗ ಒಂದು ಪಟ್ಟಿ ಒತ್ತಿದರೆ ಆಗುವ ಕೆಲಸ. ಕೋಟಿಗಟ್ಟಲೆ ಬೆಲೆಯ ಮನೆಗಳಲ್ಲೂ ಇದನ್ನು ಮರೆತದ್ದು ಕಾಣುತ್ತದೆ.

ಗಾಜಿನ ಮುಖದ ಕಟ್ಟಡಗಳಲ್ಲಿ ಪಾಚಿ ಕಾಣುವುದಿಲ್ಲ, ಬೇರೆ ಕಷ್ಟವಿದೆ. ಪಡುವಣಕ್ಕೆ ಗಾಜಿಟ್ಟರೆ ಮಧ್ಯಾಹ್ನ ಮೂರರಿಂದ ಆರರ ತನಕ ಬಿಸಿಲು ಒಳಗೇ ಕೂರುತ್ತದೆ. ಪರದೆ ಎಳೆದು ಎ.ಸಿ. ಹಾಕುತ್ತಾರೆ, ಆಮೇಲೆ ಲೈಟನ್ನೂ ಹಾಕುತ್ತಾರೆ. ಗಾಜಿನ ಸಂದುಗಳಿಗೆ ತುಂಬಿದ ಸೀಲಂಟು ಬಿಸಿಲಿಗೆ ಒಣಗಿ ಬಿರಿಯುತ್ತದೆ, ಆ ಬಿರುಕನ್ನು ಮೊದಲು ಕಂಡುಹಿಡಿಯುವುದು ಜೂನ್ ತಿಂಗಳು.

ಹತ್ತಿರದಿಂದ ನೋಡಬೇಕಾದದ್ದು ಬಾಲ್ಕನಿಯ ಅಡಿಯ ಸಿಮೆಂಟು ಉದುರಿ ತುಕ್ಕು ಹಿಡಿದ ಸರಳು ಇಣುಕುವ ಹಳೆಯ ಅಪಾರ್ಟ್‌ಮೆಂಟುಗಳು. ಕಡಲಿನ ಉಪ್ಪು ಗಾಳಿ ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳಲ್ಲಿ ಇಳಿದು ಸರಳು ಮುಟ್ಟುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ. ಉಬ್ಬಿದ ಕಬ್ಬಿಣ ಸಿಮೆಂಟನ್ನು ಒಡೆದು ಹೊರದೂಡುತ್ತದೆ. ಕರಾವಳಿಯ ಗಾಳಿಗೆ ಒಡ್ಡಿಕೊಂಡ ಕಾಂಕ್ರೀಟಿನಲ್ಲಿ ಸರಳಿನ ಮೇಲೆ ಕನಿಷ್ಠ 45 ಮಿ.ಮೀ. ಹೊದಿಕೆ ಇರಬೇಕೆಂದು ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಹೇಳುತ್ತದೆ. ಸರಳಿನ ಕೆಳಗಿಡುವ ಸಿಮೆಂಟಿನ ಬಿಲ್ಲೆಗಳ ಬದಲು ಕೈಗೆ ಸಿಕ್ಕಿದ ಜಲ್ಲಿ ಇಟ್ಟ ಕಡೆ ಅದು ಅರ್ಧಕ್ಕೂ ಇಳಿಯುತ್ತದೆ. ಹದಿನೈದು ವರ್ಷಗಳ ಮೇಲೆ ಕಾಣಿಸುವ ತಪ್ಪನ್ನು ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸಿರುತ್ತಾರೆ.

ಕಟ್ಟುತ್ತಿರುವ ಜಾಗವೊಂದು ಸಿಕ್ಕರೆ ಬೇಲಿಯ ಸಂದಿಯಿಂದ ಕೆಳಗೆ ನೋಡಿ. ವಾಹನ ನಿಲ್ಲಿಸಲು ಎರಡು, ಮೂರು ಅಂತಸ್ತು ನೆಲದೊಳಗೆ ಅಗೆದಿರುತ್ತಾರೆ. ಅಗೆದ ಗೋಡೆಯಲ್ಲಿ ಮೇಲೆ ಕೆಂಪು ಚಿಪ್ಪು, ಕೆಳಗೆ ಬಿಳಿ ಗುಲಾಬಿ ಪದರ. ಬೆಳಿಗ್ಗೆ ಹಣೆಗೆ ಹಚ್ಚಿದ್ದು ಇದೇ ಶೇಡಿ. ಜನವರಿಯಲ್ಲಿ ಮೂವತ್ತಡಿ ನೆಟ್ಟಗೆ ಕಡಿದು ನಿಲ್ಲಿಸಿದರೂ ಅಲುಗುವುದಿಲ್ಲ, ಅದನ್ನು ನಂಬಿ ತಡೆಗೋಡೆಯನ್ನು ಮುಂದೂಡುತ್ತಾರೆ. ಮಳೆ ಹಿಡಿದಾಗ ನೀರು ಮುರಕಲ್ಲಿನಲ್ಲಿ ಇಳಿದು ಶೇಡಿಯ ಮೇಲೆ ಅಡ್ಡ ಹರಿಯುತ್ತ ಅಗೆದ ಮುಖದಲ್ಲೇ ಹೊರಬರುತ್ತದೆ. ನೆಲ್ಲಿತೀರ್ಥದಲ್ಲಿ ಸಾವಿರಾರು ವರ್ಷ ತೆಗೆದುಕೊಂಡ ಕೆಲಸ ಇಲ್ಲಿ ಒಂದು ರಾತ್ರಿಯಲ್ಲಿ ನಡೆಯುತ್ತದೆ, ಕೆಳಗೆ ಕೂಲಿಯವರಿದ್ದರೆ ಅವರ ಮೇಲೆ. ತಡೆಗೋಡೆಯನ್ನು ಮೇ ಒಳಗೆ ಮುಗಿಸಬೇಕು, ಅದರ ಹಿಂದೆ ಜಲ್ಲಿ ತುಂಬಿ ನೀರು ಹೊರಹೋಗಲು ತೂತು ಬಿಡಬೇಕು. ತೂತಿಲ್ಲದ ಗೋಡೆ ಮಣ್ಣನ್ನಷ್ಟೇ ಅಲ್ಲ, ಹಿಂದೆ ನಿಂತ ನೀರನ್ನೂ ಹೊರಬೇಕಾಗುತ್ತದೆ.

ಬೆಳಕು ಕಂದುವ ಮುಂಚೆ ಕದ್ರಿ ಗುಡ್ಡದ ಮೇಲಿಂದಲೋ ಯಾವುದಾದರೂ ಎತ್ತರದ ಹೋಟೆಲಿನ ಮಾಳಿಗೆಯಿಂದಲೋ ಕೆಳಗೆ ನೋಡಿ. ಚಪ್ಪಟೆ ಸ್ಲ್ಯಾಬಿನ ಕಟ್ಟಡಗಳಿಗೆ ಚಪ್ಪಟೆ ತಲೆ ಕಾಣಬೇಕಿತ್ತು, ಕಾಣುವುದಿಲ್ಲ. ನೀಲಿ, ಹಸಿರು, ಕೆಂಪು ಶೀಟಿನ ಇಳಿಜಾರುಗಳೇ ಎಲ್ಲೆಲ್ಲೂ. ಮೊದಲು ಸ್ಲ್ಯಾಬು ಹಾಕಿದರು, ನಾಲ್ಕೈದು ಮಳೆಗೆ ಸೋರಿತು, ರಾಸಾಯನಿಕ ಬಳಿದರು, ಮತ್ತೆ ಸೋರಿತು, ಕೊನೆಗೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಮಾಡು ಕಟ್ಟಿದರು. ಪಕ್ಕಾಸಿನ ಜಾಗದಲ್ಲಿ ಕಬ್ಬಿಣದ ಪೈಪು, ಹಂಚಿನ ಜಾಗದಲ್ಲಿ ಬಣ್ಣದ ತಗಡು. ಅದರ ಕೆಳಗೆ ಬಟ್ಟೆ ಒಣಗುತ್ತದೆ, ಮಕ್ಕಳ ಸೈಕಲ್ ನಿಲ್ಲುತ್ತದೆ, ಮೇ ಕೊನೆಯಲ್ಲಿ ಹಪ್ಪಳದ ಚಾಪೆ ಒಳಗೆ ಸರಿಯುತ್ತದೆ. ಹೊಸದಾಗಿ ಕಟ್ಟುವವರು ಈಗ ಸ್ಲ್ಯಾಬಿನ ಜೊತೆಗೇ ಶೀಟಿನವನಿಗೂ ಅಡ್ವಾನ್ಸು ಕೊಟ್ಟಿಡುತ್ತಾರೆ.